ಎಚ್ ಸಾಲಿನ ತೊಂಬತ್ತೆಂಟನೆಯ ಬಿಲ್ಲೆ

3 ಮಾರ್ಚ್ 1994

ಮಾವನವರಿಗೆ ಗುಬ್ಬಿಯ ನಮಸ್ಕಾರ.

ಅಮ್ಮ ತೀರಿಕೊಂಡಾಗ ತಂಗಿಯನ್ನು ಕೊನೆಯ ಸಲ ನೋಡಲು ಬಂದಿದ್ದಿರಿ. ಆಮೇಲೆ ನಾಲ್ಕು ವರ್ಷ ನಾನೂ ಬರೆದಿಲ್ಲ, ನೀವೂ ಬರೆದಿಲ್ಲ. ಈಗ ಕೆಲಸ ಬಿದ್ದ ಮೇಲೆ ನೆನಪಾಯಿತೇ ಎಂದು ಬೈಯುತ್ತೀರಿ, ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೇನೆ. ವಿಳಾಸ ಅಮ್ಮನ ಗುಂಡಿಡಬ್ಬಿಯಲ್ಲಿ ಸಿಕ್ಕಿತು.

ಸಂಗತಿ ಇಷ್ಟು. ನಮ್ಮ ಲಾಂಡ್ರಿಗೆ ಹೊಸ ಒಗೆಯುವ ಯಂತ್ರ ಬಂತು. ಅದರ ಕೊಳಾಯಿ ಹೊರಗೆ ಹೋಗಲು ಮುಂದಿನ ಕೋಣೆಯ ನೆಲ ಅಗೆಯಬೇಕಿತ್ತು. ಅಪ್ಪ ಹಿತ್ತಲ ಕಡೆಯಿಂದ ತೆಗೆಸು ಅಂದರು. ಹಿತ್ತಲಿಗಾದರೆ ಮೂವತ್ತು ಅಡಿ, ಬೀದಿಗಾದರೆ ಎಂಟು ಅಡಿ. ನನ್ನ ಹಟ ನಿಮಗೆ ಗೊತ್ತಲ್ಲ, ಬೀದಿಗೇ ತೆಗೆಸಿದೆ. ಕೋಣೆಯೊಳಗೆ ಬಾಗಿಲ ಪಕ್ಕದ ಕಟ್ಟೆಯ ಗಾರೆ ಒಡೆದರೆ ಕೆಳಗೆ ಹಳೇ ಕಾಲದ ದಪ್ಪ ಕಲ್ಲು, ಕಲ್ಲಿನಲ್ಲಿ ಅಂಗೈಯಗಲದ ಹಿತ್ತಾಳೆ ಬಿಲ್ಲೆ. ಗಾರೆಯವನು ಹಾರೆ ಕೆಳಗಿಟ್ಟು, ಇದು ಸರ್ಕಾರದ ಮುದ್ರೆ, ನಾನು ಕೈ ಹಚ್ಚೋದಿಲ್ಲ ಅಂತ ಚಹಾ ಕುಡಿಯಲು ಹೋದವನು ಇನ್ನೂ ಬಂದಿಲ್ಲ.

ಬಿಲ್ಲೆಯ ನಡುವೆ ಎಚ್ ಅನ್ನೋ ಇಂಗ್ಲಿಷ್ ಅಕ್ಷರ. ಒಂದು ಬದಿಗೆ 98. ಇನ್ನೊಂದು ಬದಿಗೆ 1961. ಒಂದೊಂದು ಅಂಕಿಯನ್ನೂ ಯಾರೋ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಹಾಗಿದೆ, ಸಾಲು ಸ್ವಲ್ಪ ಸೊಟ್ಟ. ಬೀದಿ ಕಡೆ ಗೋಡೆ ಅಡ್ಡ ಇದೆ, ಅದಕ್ಕೇ ಒಳಗಿನಿಂದ ಮಂಡಿಯೂರಿ ಓದಿದೆ.

ನನಗೆ ತಲೆ ಕೆಟ್ಟಿರುವುದು ಬಿಲ್ಲೆಯಿಂದಲ್ಲ, ಅಪ್ಪನಿಂದ. ನಾನು ಅಂಕಿ ಓದಿ ಹೇಳುವಾಗ ಅವರು ಇಸ್ತ್ರಿ ಮಾಡುತ್ತಿದ್ದರು. ಪೆಟ್ಟಿಗೆ ಹಿಡಿದ ಕೈ ಅಂಗಿಯ ಮೇಲೆ ಹಾಗೇ ನಿಂತುಬಿಟ್ಟಿತು. ಮೂವತ್ತು ವರ್ಷದಲ್ಲಿ ಒಂದು ಬಟ್ಟೆ ಸುಟ್ಟವರಲ್ಲ, ಅವತ್ತು ಬ್ಯಾಂಕಿನ ಮ್ಯಾನೇಜರರ ಅಂಗಿಯ ಬೆನ್ನಿಗೆ ಕಂದು ಬಣ್ಣದ ತೂತು. "ಮುಚ್ಚಿಬಿಡು" ಅಂತ ಒಂದೇ ಮಾತು ಹೇಳಿ ಮಹಡಿ ಹತ್ತಿದವರು ಮೂರು ದಿನವಾದರೂ ಅಂಗಡಿಗೆ ಇಳಿದಿಲ್ಲ.

ನೀವು ಜೀವಮಾನವೆಲ್ಲ ನೆಲ ಅಳೆದವರು. ಅಪ್ಪನೂ ಮೊದಲು ನಿಮ್ಮ ತಂಡದಲ್ಲಿ ಅಳತೆಪಟ್ಟಿ ಹಿಡಿಯುತ್ತಿದ್ದರು, ಆಮೇಲೆ ಬಿಟ್ಟರು ಅನ್ನುವಷ್ಟು ಮಾತ್ರ ನನಗೆ ಗೊತ್ತು. ಇದು ಯಾರದು, ಒಡೆಯಬಹುದೇ, ಒಡೆದರೆ ಪೊಲೀಸರು ಬರುತ್ತಾರೆಯೇ, ಇಷ್ಟು ತಿಳಿಸಿ. ಅತ್ತೆಗೆ ಕೇಳಿದೆ ಎಂದು ಹೇಳಿ.

ಗುಬ್ಬಿ


14 ಮಾರ್ಚ್ 1994

ಗುಬ್ಬಿಗೆ ಮಾವನ ಆಶೀರ್ವಾದ.

ಬೈಯುವುದಿಲ್ಲ. ಆದರೆ ಕಾಗದಕ್ಕೆ ಅಂಚು ಬಿಟ್ಟು ಬರೆಯುವುದನ್ನು ನಿನಗೆ ಯಾರೂ ಕಲಿಸಲಿಲ್ಲ ಎಂಬುದು ತಿಳಿಯಿತು.

ನೀನು ಕಂಡಿರುವುದು ಬೆಂಚ್‌ಮಾರ್ಕ್, ಅಂದರೆ ಎತ್ತರದ ಗುರುತು. ಸಮುದ್ರಮಟ್ಟದಿಂದ ಒಂದು ಜಾಗ ಎಷ್ಟು ಎತ್ತರ ಎಂದು ಕಂಡುಹಿಡಿದು, ಆ ಜಾಗವನ್ನು ಮುಂದಿನವರು ಮರೆಯದಿರಲಿ ಎಂದು ಗಟ್ಟಿ ಕಲ್ಲಿನಲ್ಲಿ ಬಿಲ್ಲೆ ಕೂರಿಸುತ್ತೇವೆ. ರಸ್ತೆ, ಸೇತುವೆ, ಚರಂಡಿ ಎಲ್ಲಕ್ಕೂ ಅದೇ ಆಧಾರ. ಅಕ್ಷರ ಎಂದರೆ ಯಾವ ಸಾಲು, ಅಂಕಿ ಎಂದರೆ ಆ ಸಾಲಿನಲ್ಲಿ ಎಷ್ಟನೆಯದು, ಕೊನೆಗೆ ವರ್ಷ. ಬಿಲ್ಲೆಗಳು ಬರುವಾಗ ಬೋಳಾಗಿ ಬರುತ್ತವೆ. ಕಲ್ಲಿಗೆ ಕೂರಿಸಿದ ಮೇಲೆ, ಅಲ್ಲೇ ಕುಳಿತು, ಉಕ್ಕಿನ ಅಚ್ಚಿನಿಂದ ಅಂಕಿ ಹೊಡೆಯಬೇಕು.

ಈಗ ನನ್ನ ತಲೆನೋವು ಕೇಳು. ಎಚ್ ಸಾಲು ನನ್ನದೇ. ನಿಮ್ಮೂರ ಸೇತುವೆಯಿಂದ ಗುಡ್ಡದ ನೀರಿನ ಟ್ಯಾಂಕಿನವರೆಗೆ, 1961ರಲ್ಲಿ, ಲೆವೆಲ್ ಯಂತ್ರದ ದುರ್ಬೀನಿನ ಹಿಂದೆ ನಿಂತು ನಾನೇ ನೋಡಿದ ಸಾಲು. ಅದರಲ್ಲಿ ಇದ್ದದ್ದು ತೊಂಬತ್ತು ಗುರುತು. ತೊಂಬತ್ತಕ್ಕೆ ಸಾಲು ಮುಗಿಯಿತು. ತೊಂಬತ್ತೆಂಟು ಎಂಬುದು ಇಲ್ಲ, ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಹನ್ನೆರಡು ತಿಂಗಳ ವರ್ಷದಲ್ಲಿ ಹದಿನಾಲ್ಕನೆಯ ತಿಂಗಳು ಸಿಕ್ಕಿದೆ ಎಂದು ನೀನು ಬರೆದ ಹಾಗಿದೆ.

ಬೂದಿ ಹಾಕಿ ತಿಕ್ಕಿ ಇನ್ನೊಮ್ಮೆ ಓದು. 98ರ ಬದಲು 58 ಇರಬಹುದು, 38 ಇರಬಹುದು. ಆದರೆ ಆ ಎರಡೂ ನಿಮ್ಮ ಬೀದಿಯ ಹತ್ತಿರ ಎಲ್ಲೂ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸದ್ಯಕ್ಕೆ ಒಡೆಯಬೇಡ. ಈ ಪತ್ರವನ್ನು ನಿನ್ನ ಅಪ್ಪನಿಗೆ ತೋರಿಸುವ ಅಗತ್ಯವಿಲ್ಲ.

ನಿನ್ನ ಮಾವ


22 ಮಾರ್ಚ್ 1994

ಮಾವ,

ಈ ಸಲ ಎರಡು ಬೆರಳು ಅಂಚು ಬಿಟ್ಟಿದ್ದೇನೆ, ನೋಡಿ ಸಂತೋಷಪಡಿ.

ಬೂದಿ ಹಾಕಿ ತಿಕ್ಕಿದೆ. ನಿಂಬೆಹಣ್ಣು ಹಾಕಿ ತಿಕ್ಕಿದೆ. ಈಗ ಬಿಲ್ಲೆ ಅಂಗಡಿಯಲ್ಲೇ ಎಲ್ಲಕ್ಕಿಂತ ಸ್ವಚ್ಛವಾದ ವಸ್ತು. 98 ಅಂದರೆ 98. ಐವತ್ತೆಂಟೂ ಅಲ್ಲ, ಮೂವತ್ತೆಂಟೂ ಅಲ್ಲ. ಬಟ್ಟೆ ಕೊಡಲು ಬಂದವರೆಲ್ಲ ಬಗ್ಗಿ ಓದಿಯೇ ಹೋಗುವುದು. ಎದುರಿನ ದರ್ಜಿ ಕೆಳಗೆ ನಿಧಿ ಇದೆ ಅಂದ. ಗಣಿತದ ಮೇಷ್ಟ್ರು ಇಲ್ಲಿಂದ ಯಾವುದೋ ಊರಿಗೆ ತೊಂಬತ್ತೆಂಟು ಮೈಲಿ ಅಂದರು. ಯಾವ ಊರು ಅಂತ ಕೇಳಿದ್ದಕ್ಕೆ ನಾಳೆ ಹೇಳುತ್ತೇನೆ ಅಂದವರು ಒಗೆದ ಬಟ್ಟೆ ಒಯ್ಯಲು ಮಗನನ್ನು ಕಳಿಸುತ್ತಿದ್ದಾರೆ.

ನಿಮ್ಮ ಪತ್ರವನ್ನು ಅಪ್ಪನಿಗೆ ತೋರಿಸಿದೆ. ಅಗತ್ಯವಿಲ್ಲ ಎಂದು ಬರೆದಿದ್ದಿರಿ, ಬೇಡ ಎಂದು ಬರೆದಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಓದಿದರು. "ತೊಂಬತ್ತೆಂಟಂತಾ?" ಅಂದರು. ಆಮೇಲೆ ನಕ್ಕರು ಮಾವ. ಅಮ್ಮ ಹೋದ ಮೇಲೆ ಅವರು ಹಲ್ಲು ಕಾಣುವ ಹಾಗೆ ನಕ್ಕಿದ್ದು ಇದೇ ಮೊದಲು. ಏನು ನಗು ಅಂತ ಕೇಳಿದರೆ ನಗು ನಿಂತಿತು. ಪತ್ರ ಮಡಚಿ ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ಮಲಗಿದರು.

ಅಂಗಡಿಗೆ ಮಾತ್ರ ಇಳಿಯುತ್ತಿಲ್ಲ. ಇಸ್ತ್ರಿಯೆಲ್ಲ ನನ್ನ ತಲೆ ಮೇಲೆ. ಹಿಂದೆ ಅತ್ತೆಯ ಕಡೆಯವರೂ ಚಿಕ್ಕಮ್ಮಂದಿರೂ ಅಪ್ಪನನ್ನು ಬೆನ್ನ ಹಿಂದೆ "ಬಿಲ್ಲೆ ಭಾವ" ಅನ್ನುತ್ತಿದ್ದರಲ್ಲ, ನಾನು ಇಷ್ಟು ವರ್ಷ ಬಟ್ಟೆಗೆ ಕಟ್ಟುವ ನಂಬರ್ ಬಿಲ್ಲೆಯಿಂದ ಆ ಹೆಸರು ಬಂತು ಅಂತಲೇ ತಿಳಿದಿದ್ದೆ. ಈಗ ಅನುಮಾನ ಬರುತ್ತಿದೆ. ನೀವಿಬ್ಬರೂ ಏನನ್ನೋ ಬಾಯಲ್ಲಿ ಇಟ್ಟುಕೊಂಡು ನುಂಗುತ್ತಲೂ ಇಲ್ಲ, ಉಗುಳುತ್ತಲೂ ಇಲ್ಲ. ನನಗೆ ತಲೆ ಯಾವುದು ಬುಡ ಯಾವುದು ತಿಳಿಯುತ್ತಿಲ್ಲ. ಬಿಡಿಸಿ ಬರೆಯಿರಿ.

ಗುಬ್ಬಿ


2 ಏಪ್ರಿಲ್ 1994

ಗುಬ್ಬಿ,

ಬಿಡಿಸಿ ಬರೆಯಲು ಕೇಳಿದ್ದೀಯ. ಬರೆಯುತ್ತೇನೆ. ನಿನಗೆ ಹೇಳುವುದಿಲ್ಲವೆಂದು ನಿನ್ನ ಅಮ್ಮನಿಗೆ ಮಾತು ಕೊಟ್ಟಿದ್ದೆ, ಆಕೆ ಈಗ ಇಲ್ಲ.

ಎಚ್ ಸಾಲಿಗೆ ಇಲಾಖೆ ಎಣಿಸಿ ಕೊಟ್ಟದ್ದು ತೊಂಬತ್ತು ಹಿತ್ತಾಳೆ ಬಿಲ್ಲೆ. ಕಲ್ಲು ಕೊರೆದು ಬಿಲ್ಲೆ ಕೂರಿಸಿ ಅಂಕಿ ಹೊಡೆಯುವುದು, ಅದರ ಮೇಲೆ ಆಳೆತ್ತರದ ಅಳತೆಪಟ್ಟಿ ನೆಟ್ಟಗೆ ಹಿಡಿದು ನಿಲ್ಲುವುದು ನಿನ್ನ ಅಪ್ಪನ ಕೆಲಸ. ಯಂತ್ರದಲ್ಲಿ ನೋಡಿ ಪುಸ್ತಕಕ್ಕೆ ಬರೆಯುವುದು, ಗುರುತು ಎಲ್ಲಿದೆ ಎಂದು ವಿವರ ಬರೆಯುವುದು ನನ್ನ ಕೆಲಸ. ಒಂಬತ್ತು ತಿಂಗಳ ಮೇಲೆ ತಪಾಸಣೆಯ ಅಧಿಕಾರಿ ಪುಸ್ತಕ ಹಿಡಿದು ಸಾಲು ಪೂರ್ತಿ ನಡೆದರು. ಎಂಬತ್ತೊಂಬತ್ತು ಗುರುತು ಸಿಕ್ಕವು. ಎಂಬತ್ತಾರನೆಯದು ಸಿಗಲಿಲ್ಲ. ಪುಸ್ತಕದಲ್ಲಿ ಇದ್ದದ್ದು ಹೀಗೆ: ಎಂಬತ್ತೈದನೆಯ ಗುರುತಿನಿಂದ ನಾನೂರು ಹೆಜ್ಜೆ, ರಸ್ತೆಯ ಎಡಕ್ಕೆ, ಉಗ್ರಾಣದ ಕಲ್ಲುಕಟ್ಟೆಯ ಮೇಲೆ. ಕಟ್ಟೆ ಇತ್ತು. ಬಿಲ್ಲೆಯೂ ಇಲ್ಲ, ಕೊರೆದ ಗುರುತೂ ಇಲ್ಲ.

ದೊಡ್ಡ ಕಚೇರಿಗೆ ನಮ್ಮಿಬ್ಬರನ್ನೂ ಕರೆಸಿದರು. ನಿನ್ನ ಅಪ್ಪ, ನಾನು ಕೂರಿಸಿದ್ದು ಬಲಗಡೆ, ಎದುರಿನ ಉಗ್ರಾಣಕ್ಕೆ ಎಂದ. ಅಧಿಕಾರಿ ನನ್ನ ಮುಖ ನೋಡಿದರು. ಪುಸ್ತಕ ಏನು ಹೇಳುತ್ತದೋ ಅದೇ ಸರಿ ಎಂದೆ. ಬೇರೆ ಏನು ಹೇಳಲಿ? ಅವತ್ತೇ, ಅಲ್ಲೇ ನಿಂತು ನನ್ನ ಕೈಯಾರೆ ಬರೆದ ವಿವರ. ಎದುರಿನ ಕಟ್ಟೆ ನೋಡಿ ಬರಲು ಯಾರನ್ನೂ ಕಳಿಸಲಿಲ್ಲ. ಬಿಲ್ಲೆಯನ್ನು ಕೂರಿಸದೆ ಹಿತ್ತಾಳೆಯ ಆಸೆಗೆ ಜೇಬಿಗೆ ಹಾಕಿಕೊಂಡಿದ್ದಾನೆ ಎಂದು ಅವನನ್ನು ಕೆಲಸದಿಂದ ತೆಗೆದರು. ನನ್ನ ತಂಗಿಯ ಗಂಡ ಎಂದು ಪೊಲೀಸರಿಗೆ ಕೊಡದ ಹಾಗೆ ನೋಡಿಕೊಂಡೆ. "ಬಿಲ್ಲೆ ಭಾವ" ಹುಟ್ಟಿದ್ದು ಅಲ್ಲಿಂದ.

ಎರಡು ವರ್ಷದ ಮೇಲೆ ಅವನು ಅದೇ ಬೀದಿಯಲ್ಲಿ, ಆ ಉಗ್ರಾಣದ ಎದುರಿಗೇ ಮನೆ ಹಿಡಿದು ಲಾಂಡ್ರಿ ಹಾಕಿದಾಗ ನನಗೆ ವಿಚಿತ್ರ ಎನಿಸಿತ್ತು. ಈಗ ಅವನ ಮನೆಯ ನೆಲದಡಿ ಎಚ್ ಸಾಲಿನ ಬಿಲ್ಲೆ ಸಿಕ್ಕಿದೆ. ಕದ್ದ ಬಿಲ್ಲೆ ಬೋಳು. ಆ ಅಚ್ಚುಗಳು ಅವನ ಕೈಯಲ್ಲೇ ಇದ್ದವು. ಇಲ್ಲದ ಅಂಕಿ ಹೊಡೆದು, ಇಲಾಖೆಯನ್ನೋ ನನ್ನನ್ನೋ ಅಣಕಿಸಲು ತನ್ನ ಬಾಗಿಲಲ್ಲೇ ಹೂತಿಟ್ಟಿದ್ದಾನೆ ಎಂಬುದು ಬಿಟ್ಟರೆ ನನಗೆ ಬೇರೆ ಅರ್ಥ ಹೊಳೆಯುತ್ತಿಲ್ಲ. ಈ ಅರ್ಥವೂ ಪೂರ್ತಿ ಕೂಡಿಬರುತ್ತಿಲ್ಲ, ಅದು ಬೇರೆ ಮಾತು.

ಗಾರೆಯವನಿಂದ ಒಡೆಸಿ ನದಿಗೆ ಹಾಕು. ನಾನು ಯಾರಿಗೂ ಹೇಳುವುದಿಲ್ಲ. ನಿನಗೆ ನೋವಾಗುತ್ತದೆ, ನನಗೂ ಆಗಿದೆ.

ಮಾವ


11 ಏಪ್ರಿಲ್ 1994

ಮಾವ,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಮೊದಲ ಎರಡರಲ್ಲಿ ನಿಮ್ಮನ್ನು ಬೈದಿದ್ದೆ, ಮೂರನೆಯದರಲ್ಲಿ ಅಪ್ಪನನ್ನು. ಅದಕ್ಕೇ ಹರಿದೆ.

ನನ್ನ ಅಪ್ಪ ಗಿರಾಕಿಗಳ ಜೇಬಿನಲ್ಲಿ ಸಿಕ್ಕ ಬಸ್ ಟಿಕೆಟ್ಟನ್ನೂ ಪೊಟ್ಟಣ ಕಟ್ಟಿ ವಾಪಸ್ ಕೊಡುವವರು. ಹರಿದ ಟಿಕೆಟ್ಟು ಯಾರಿಗೆ ಬೇಕು ಅಂತ ನಾನೇ ಜಗಳ ಆಡಿದ್ದೇನೆ. ಅಂಥವರು ಒಂದು ಹಿಡಿ ಹಿತ್ತಾಳೆಗೆ ಕೈ ಹಾಕಿದರು ಅಂತ ನೀವು ಬರೆಯುತ್ತೀರಿ. ನಂಬುವುದಿಲ್ಲ ಅಂತ ಹೇಳಲು ಬಾಯಿ ತೆರೆದರೆ, ಬಿಲ್ಲೆ ಇರುವುದು ನಮ್ಮ ಮನೆಯಲ್ಲೇ. ನಾನೇ ತಿಕ್ಕಿ ಹೊಳೆಸಿದ್ದೇನೆ. ನಿನ್ನೆ ಅಂಗಡಿಯಲ್ಲಿ ಒಬ್ಬಳೇ ಕೂತು ಅದನ್ನು ನೋಡುತ್ತಾ, ಆ ಟಿಕೆಟ್ಟುಗಳೆಲ್ಲ ಪ್ರಾಯಶ್ಚಿತ್ತವೇನೋ ಅಂತ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಎದ್ದು ಮೇಲೆ ಹೋದೆ.

ನೇರವಾಗಿ ಕೇಳಿಬಿಟ್ಟೆ. ಇದು ಕದ್ದ ಬಿಲ್ಲೆಯಾ ಅಪ್ಪ ಅಂತ. ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ನಿಮ್ಮ ಪತ್ರ ಕೇಳಿ ಪಡೆದು ನಿಧಾನವಾಗಿ ಓದಿದರು. ಆಮೇಲೆ ಅಂದರು: "ನಿನ್ನ ಮಾವನ್ನ ಒಂದೇ ಒಂದು ಮಾತು ಕೇಳು. ಎಲ್ಲಿ ನಿಂತ್ಕೊಂಡು ಓದ್ತಿದ್ದಾನೆ ಅಂತ."

ಇದರ ಅರ್ಥ ಏನು ಮಾವ? ಇನ್ನೊಮ್ಮೆ ಕೇಳಿದರೆ, "ಅಷ್ಟೇ, ಕೇಳು ಹೋಗು" ಅಂದರು. ಮಾವ ತಮ್ಮ ಮನೆಯಲ್ಲಿ ಕುರ್ಚಿ ಮೇಲೆ ಕೂತು ಓದುತ್ತಿರುತ್ತಾರೆ ಅಂದೆ.

ಅವರು ಕದ್ದಿದ್ದರೆ ಕದ್ದರು ಅಂತ ತಿಳಿಯಲಿ. ಇಲ್ಲದಿದ್ದರೆ ಇಲ್ಲ ಅಂತ ತಿಳಿಯಲಿ. ಎರಡರ ನಡುವೆ ನಿಂತು ಅವರಿಗೆ ಊಟ ಬಡಿಸುವುದು ನನ್ನ ಕೈಲಿ ಆಗುತ್ತಿಲ್ಲ.

ಗುಬ್ಬಿ


21 ಮೇ 1994

ಮಾವನವರಿಗೆ,

ನಲವತ್ತು ದಿನವಾಯಿತು. ನಿಮಗೆ ಹುಷಾರಿಲ್ಲವೋ, ಆ ಮಾತಿಗೆ ಸಿಟ್ಟಾದಿರೋ ಗೊತ್ತಿಲ್ಲ. ಅಪ್ಪ ಅದನ್ನು ಕುಹಕಕ್ಕೆ ಹೇಳಿದ್ದಲ್ಲ ಅಂತ ನನಗೆ ಅನ್ನಿಸುತ್ತದೆ, ಯಾಕೆ ಅನ್ನಿಸುತ್ತದೆ ಅಂತ ಹೇಳಲಾರೆ.

ಯಂತ್ರ ಮೂರು ತಿಂಗಳಿಂದ ಗೋಣಿ ಹೊದ್ದು ಕೂತಿದೆ. ಬೇರೆ ಗಾರೆಯವನು ಸಿಕ್ಕಿದ್ದಾನೆ. ಅವನಿಗೆ ಸರ್ಕಾರದ ಭಯವಿಲ್ಲ, ಮೂವತ್ತನೇ ತಾರೀಖು ಸೋಮವಾರ ಬರುತ್ತಾನೆ. ಅಪ್ಪನಿಗೆ ಹೇಳಿದೆ. "ಒಡೆಸು" ಅಂದರು. ಮುಚ್ಚಿಬಿಡು ಅಂದ ಮನುಷ್ಯನೇ ಈಗ ಒಡೆಸು ಅನ್ನುತ್ತಾರೆ.

ಒಡೆಯುವ ಮೊದಲು ಒಂದು ಕೆಲಸ ಮಾಡಿದೆ. ಬಿಲ್ಲೆಯ ಮೇಲೆ ತೆಳು ಕಾಗದ ಇಟ್ಟು ದರ್ಜಿಯ ನೀಲಿ ಸೀಸದಕಡ್ಡಿ ಉಜ್ಜಿ ಪಡಿಯಚ್ಚು ತೆಗೆದೆ. ಇದರೊಂದಿಗೆ ಇಟ್ಟಿದ್ದೇನೆ. ಬಿಲ್ಲೆ ಹೋದರೂ ಗುರುತು ನಿಮ್ಮ ಹತ್ತಿರ ಇರಲಿ. ನಿಮ್ಮದೇ ಸಾಲು ತಾನೇ.

ಗುಬ್ಬಿ


ತಂತಿ
27 ಮೇ 1994

ಒಡೆಯಬೇಡ. ಪತ್ರ ಬರುತ್ತದೆ. ಮಾವ.


8 ಜೂನ್ 1994

ಗುಬ್ಬಿ,

ಅಂಚು ಬಿಡುವ ವ್ಯವಧಾನ ನನಗೂ ಇಲ್ಲ.

ಹೌದು, ಆ ಮಾತಿಗೆ ಸಿಟ್ಟಾಗಿದ್ದೆ. ಕಳ್ಳತನ ಮಾಡಿದವನು ಒಗಟು ಬೇರೆ ಹಾಕುತ್ತಾನೆ ಎಂದು ನಿನ್ನ ಪತ್ರವನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದ್ದೆ. ನಿನ್ನ ಪಡಿಯಚ್ಚು ಬಂದ ದಿನ ಅದನ್ನು ಊಟದ ಮೇಜಿನ ಮೇಲೆ ಹರಡಿ ನೋಡುತ್ತಿದ್ದೆ. 98. ನೀನು ಬರೆದದ್ದು ಸರಿಯೇ. ಎದುರಿಗೆ ಕುಳಿತಿದ್ದ ನಿನ್ನ ಅತ್ತೆ, ತಟ್ಟೆ ಇಡಬೇಕು ಅದನ್ನು ತೆಗೀರಿ ಎಂದಳು. ತೆಗೆಯಲಿಲ್ಲ. ಅವಳೂ ಬಗ್ಗಿ ನೋಡಿದಳು. "ಎಂಬತ್ತಾರಕ್ಕೆ ಯಾಕಿಷ್ಟು ಯೋಚನೆ?" ಎಂದಳು.

ಗುಬ್ಬಿ, ಆ ಕಾಗದದ ನಕಲು ನಿನ್ನ ಬಳಿ ಇದ್ದರೆ ಅದನ್ನು ಹಿಡಿದು ಬುಡಮೇಲು ಮಾಡು. 98 ತಿರುಗಿದರೆ 86. ಎಚ್ ತಿರುಗಿಸಿದರೂ ಎಚ್. 1961 ಎಂಬ ದರಿದ್ರ ವರ್ಷವನ್ನು ಯಾವ ಕಡೆಯಿಂದ ಓದಿದರೂ 1961. ಬಿಲ್ಲೆ ಕಲ್ಲಿನ ಮೇಲೆ ಅಂಗಾತ ಮಲಗಿದೆ, ಅದಕ್ಕೆ ತಲೆ ಕಾಲು ಎಂಬುದಿಲ್ಲ. ಹೊಡೆದವನು ಬೀದಿಯಲ್ಲಿ ಕುಳಿತು ಹೊಡೆದ. ನೀನು ಮನೆಯೊಳಗಿನಿಂದ ಓದಿದೆ. ಮೂವತ್ತೆಂಟು ವರ್ಷ ಸರ್ವೆ ಮಾಡಿದವನಿಗೆ ಇದು ಹೊಳೆಯಬೇಡವೇ? ಹೊಳೆಯಲಿಲ್ಲ. ಕಳ್ಳನ ಬಿಲ್ಲೆ ಎಂದು ತೀರ್ಮಾನಿಸಿಯೇ ನೋಡಲು ಕುಳಿತಿದ್ದೆ.

ಎಂಬತ್ತಾರು ಎಂದ ಕೂಡಲೇ ಊಟ ಬಿಟ್ಟು ಎದ್ದೆ. ನನ್ನ ಅಳತೆ ಪುಸ್ತಕಗಳ ನಕಲು ಪೆಟ್ಟಿಗೆಯಲ್ಲಿವೆ. ಎಂಬತ್ತಾರರ ಪುಟ ತೆಗೆದೆ. ನಮ್ಮ ಕೆಲಸದ ಕ್ರಮ ಹೀಗೆ: ಯಂತ್ರ ನಡುವೆ ಇಟ್ಟು, ಮೊದಲು ಹಿಂದಕ್ಕೆ ತಿರುಗಿ ದಾಟಿ ಬಂದ ಗುರುತಿನ ಮೇಲಿನ ಪಟ್ಟಿ ನೋಡಬೇಕು. ಅದು ಹಿನ್ನೋಟ. ಆಮೇಲೆ ತಿರುಗಿ ಮುಂದಿನ ಪಟ್ಟಿ ನೋಡಬೇಕು. ಗುರುತು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಯಾವಾಗಲೂ ಮುಂದಕ್ಕೆ ಮುಖ ಮಾಡಿ ಬರೆಯಬೇಕು. ಎಂಬತ್ತೊಂಬತ್ತು ಸಲ ಹಾಗೆಯೇ ಬರೆದಿದ್ದೇನೆ. ಎಂಬತ್ತಾರರ ವಿವರ ಮಾತ್ರ ಹಿನ್ನೋಟದ ಅಂಕಿಯ ಪಕ್ಕದಲ್ಲಿ, ಅದೇ ಪೆನ್ಸಿಲ್ಲಿನಲ್ಲಿ ಇದೆ. ಅಂದರೆ ನಾನು ಸೇತುವೆಯ ಕಡೆ, ಹಿಂದಕ್ಕೆ ಮುಖ ಮಾಡಿ ನಿಂತಿದ್ದೆ. ನಿನ್ನ ಅಪ್ಪ ಕಟ್ಟೆಯ ಮೇಲೆ ಪಟ್ಟಿ ಹಿಡಿದು ನನ್ನ ಎಡಗಡೆ ಕಾಣುತ್ತಿದ್ದ. ಎಡ ಎಂದು ಬರೆದೆ. ಆ ರಸ್ತೆಯ ಎರಡು ಬದಿಗೂ ಒಂದೇ ತರಹದ ಉಗ್ರಾಣ, ಒಂದೇ ತರಹದ ಕಲ್ಲು. ಸರಿಯಾಗಿ ನಿಂತಿದ್ದರೆ ಬಲ ಎಂದು ಬರೆಯುತ್ತಿದ್ದೆ. ಅವನು ಹೇಳಿದ್ದೂ ಅದನ್ನೇ.

ಎಲ್ಲಿ ನಿಂತು ಓದುತ್ತಿದ್ದಾನೆ ಎಂದು ಕೇಳಿದ. ಬಿಲ್ಲೆಯ ಬಗ್ಗೆ ಮಾತ್ರ ಕೇಳಿದ್ದಲ್ಲ ಎಂದು ಈಗ ತಿಳಿಯಿತು.

ನಾನು ಬೇಕೆಂದು ಸುಳ್ಳು ಹೇಳಲಿಲ್ಲ. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ, ಇದು ಇನ್ನೂ ಕೆಟ್ಟದ್ದು. ಸುಳ್ಳಾಗಿದ್ದರೆ ಎಂದಾದರೂ ಮನಸ್ಸು ಚುಚ್ಚುತ್ತಿತ್ತು. ಮೂವತ್ತಮೂರು ವರ್ಷ ನಾನು ಹೊಟ್ಟೆ ತುಂಬಾ ಉಂಡು ಕಣ್ಣು ತುಂಬಾ ನಿದ್ದೆ ಮಾಡಿದ್ದೇನೆ.

ಮೊದಲು ಇಲಾಖೆಗೆ ಹೋಗಿ ಬಂದು ಆಮೇಲೆ ನಿನಗೆ ಬರೆಯೋಣ ಎಂದು ತಡವಾಯಿತು. ಅಲ್ಲಿ ಎಚ್ ಸಾಲನ್ನೇ 1976ರಲ್ಲಿ ರದ್ದು ಮಾಡಿದ್ದಾರೆ, ಹೊಸ ಸಾಲು ಬಂದಿದೆ. ಎಂಬತ್ತಾರರ ಮುಂದೆ "ಕಳೆದಿದೆ" ಎಂದು ಬರೆದ ಪುಟವನ್ನೇ ಹಳೇ ಕಾಗದದ ಜೊತೆ ಸುಟ್ಟಿದ್ದಾರಂತೆ. ತಿದ್ದಬೇಕೆಂದರೆ ತಿದ್ದಲು ಪುಟವೇ ಇಲ್ಲ ಎಂದು ಅಲ್ಲಿನ ಗುಮಾಸ್ತೆ ವಿನಯದಿಂದ ಹೇಳಿದಳು. ಹಾಗಾಗಿ ನನ್ನ ಕೈಲಿರುವುದನ್ನು ಮಾಡಿದೆ. ನನ್ನ ತಮ್ಮನಿಗೆ, ಇಬ್ಬರು ತಂಗಿಯರಿಗೆ, ನಿನ್ನ ಅತ್ತೆಯ ಅಣ್ಣನಿಗೆ, ನಮ್ಮ ತಂಡದಲ್ಲಿದ್ದು ಬದುಕಿರುವ ಒಬ್ಬನಿಗೆ ಮತ್ತು ನಿನ್ನ ಅಪ್ಪನಿಗೆ, ಒಟ್ಟು ಆರು ಕಾರ್ಡು. ಎಲ್ಲದರಲ್ಲೂ ಒಂದೇ ಒಕ್ಕಣೆ. ಅವನು ಕದಿಯಲಿಲ್ಲ, ನಾನು ತಪ್ಪು ಬರೆದೆ ಎಂದು. ತೆರೆದ ಕಾರ್ಡೇ ಇರಲಿ, ಅಂಚೆಯವನೂ ಓದಲಿ.

ಒಂದು ಮಾತ್ರ ನನಗೆ ಇಂದಿಗೂ ಅರ್ಥವಾಗುತ್ತಿಲ್ಲ. ಬಿಲ್ಲೆ ಅವನ ಕಾಲಡಿಯೇ ಇತ್ತು. ಗಾರೆ ಒಡೆದು ತೋರಿಸಿದ್ದರೆ ಮುಗಿಯುತ್ತಿತ್ತು. ಮೂವತ್ತು ವರ್ಷ ಅದರ ಮೇಲೆ ನಿಂತು ಇಸ್ತ್ರಿ ಮಾಡಿದನಲ್ಲ, ಯಾಕೆ? ಅವನ ಮುಂದೆ ನಿಲ್ಲುವ ಮುಖ ನನಗಿಲ್ಲ. ನೀನೇ ಕೇಳಿ ಬರೆ.

ಮಾವ


25 ಜೂನ್ 1994

ಮಾವನವರಿಗೆ,

ಕಾರ್ಡು ಬಂತು. ಅಂಚೆಯವನು ಓದಿಕೊಂಡೇ ಬಂದ, ಕೊಡುವಾಗ ಅಪ್ಪನ ಮುಖವನ್ನೇ ನೋಡುತ್ತಿದ್ದ. ಅಪ್ಪ ಅದನ್ನು ಓದಿ, ತಿರುಗಿಸಿ, ವಿಳಾಸವನ್ನೂ ಓದಿ, ಅಂಗಿಯ ಜೇಬಿಗೆ ಹಾಕಿಕೊಂಡು ಅಂಗಡಿಗೆ ಇಳಿದರು. ಮೂರು ತಿಂಗಳ ಮೇಲೆ ಪೆಟ್ಟಿಗೆ ಹಿಡಿದರು. ನಾನು ಅಳುತ್ತಿದ್ದೆ, ಅವರು ಕಾಲರು ತಿದ್ದುತ್ತಿದ್ದರು.

ನಿಮ್ಮ ಪ್ರಶ್ನೆ ಕೇಳಿದೆ. ಮೊನ್ನೆ ಬಟ್ಟೆ ಮಡಚುತ್ತಾ ತಾವಾಗಿಯೇ ಹೇಳಿದರು.

ಕೆಲಸದಿಂದ ತೆಗೆದ ಮಾರನೇ ದಿನವೇ ಅವರು ಇಲ್ಲಿಗೆ ಬಂದಿದ್ದರಂತೆ. ಅಷ್ಟರಲ್ಲಿ ಉಗ್ರಾಣದ ಯಜಮಾನ ಕಟ್ಟೆಯನ್ನೂ ಒಳಗೆ ಹಾಕಿಕೊಂಡು ಮುಂದಕ್ಕೆ ಹೊಸ ಕೋಣೆ ಎಳೆದಿದ್ದ. ಹೊಸ ಗಾರೆ ಒಡೆಯಲು ಬಿಡಲಿಲ್ಲ. ಈ ಮನೆ ಯಾರ ಕೈಗಾದರೂ ಹೋಗಿ ಕಲ್ಲು ಕಿತ್ತರೆ ತನ್ನ ಸಾಕ್ಷಿಯೇ ಹೋಗುತ್ತದೆ ಎಂದು ಎರಡು ವರ್ಷ ಕಾದು, ಕಟ್ಟಡ ಖಾಲಿಯಾದ ಕೂಡಲೇ ಬಾಡಿಗೆಗೆ ಹಿಡಿದರು. ಲಾಂಡ್ರಿಯ ಆಸೆ ಅವರಿಗೆ ಯಾವತ್ತೂ ಇರಲಿಲ್ಲ ಮಾವ. ಬಿಲ್ಲೆ ಕಾಯಲು ಒಂದು ಅಂಗಡಿ ಬೇಕಿತ್ತು, ಅಷ್ಟೇ.

ನನಗೆ ಒಂದು ವರ್ಷವಿದ್ದಾಗ, ಒಂದು ಮಧ್ಯಾಹ್ನ, ಅಂಗಡಿ ಬಾಗಿಲು ಹಾಕಿ ಅವರೇ ಉಳಿ ಹಿಡಿದು ಗಾರೆ ಬಿಡಿಸಿದರು. ನಿಮಗೆ ತೋರಿಸುವ ಮೊದಲು ಅಮ್ಮನಿಗೆ ತೋರಿಸೋಣ ಅಂತ ಕರೆದರು. ಅಮ್ಮ ಬಗ್ಗಿ ನೋಡಿದಳು. ಎಂಬತ್ತಾರು ಅಂತ ಓದಲೂ ಇಲ್ಲ. ಅವಳು ಅಂದದ್ದನ್ನು ಅಪ್ಪ ಹಾಗೇ ಹೇಳಿದರು: "ಇಷ್ಟು ದಿನ ಇಲ್ಲೇ ಬಚ್ಚಿಟ್ಕೊಂಡಿದ್ರಾ? ಹೋಗ್ಲಿ ಬಿಡಿ. ನಾನು ಅಣ್ಣನಿಗೂ ಹೇಳಲ್ಲ." ಒಗೆಯುವ ಬೋಗುಣಿಯಲ್ಲಿ ಅವಳೇ ಸಿಮೆಂಟು ಕಲಸಿ ಅವಳೇ ಕೈಯಾರೆ ಮುಚ್ಚಿದಳಂತೆ.

ಅವರ ಮನೆಯಲ್ಲಿ ಸಿಕ್ಕಿತು ಅನ್ನುವುದೇ ಅವರ ಮೇಲಿನ ಸಾಕ್ಷಿಯಾಯಿತು. ನೀವು ಏಪ್ರಿಲ್‌ನಲ್ಲಿ ಬರೆದದ್ದೂ ಅದನ್ನೇ. ಬಿಲ್ಲೆಯ ಮುಂದೆ ಒಬ್ಬಳೇ ಕೂತು ನಾನು ಅಂದುಕೊಂಡದ್ದೂ ಅದನ್ನೇ.

"ನಿನ್ನ ಅಮ್ಮ ನನ್ನನ್ನ ಕ್ಷಮಿಸಿದಳು. ಇಪ್ಪತ್ತಾರು ವರ್ಷ ಕ್ಷಮಿಸ್ತಾನೇ ಇದ್ದಳು. ಒಂದು ದಿನ ಎತ್ತಿ ಆಡಲಿಲ್ಲ. ಅದನ್ನ ತಡ್ಕೊಳ್ಳೋದೇ ಕಷ್ಟ ಆಗಿತ್ತು" ಅಂದರು. ಇಷ್ಟು ಹೇಳಿ, ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದರು.

ಕೊಳಾಯಿ ಹಿತ್ತಲಿಗೇ ತೆಗೆಸಿದೆ. ಬಿಲ್ಲೆ ಇದ್ದಲ್ಲೇ ಇದೆ, ಮುಚ್ಚಿಲ್ಲ.

ಆರು ಕಾರ್ಡು ಯಾರ್ಯಾರಿಗೆ ಅಂತ ಅಪ್ಪ ಕೇಳಿದರು. ನಿಮ್ಮ ಪತ್ರ ನೋಡಿ ಒಬ್ಬೊಬ್ಬರನ್ನೇ ಹೇಳಿದೆ. ಎಲ್ಲ ಕೇಳಿಸಿಕೊಂಡರು. "ಅವಳಿಗೆ ಬರೆದಿಲ್ಲವಾ?" ಅಂದರು.

ಅವರಿಗೆ ಬುದ್ಧಿ ಭ್ರಮಣೆಯಾಗಿಲ್ಲ ಮಾವ. ಚೆನ್ನಾಗಿಯೇ ಇದ್ದಾರೆ. ಅಮ್ಮನ ಹೆಸರಿಗೆ ಒಂದು ಕಾರ್ಡು ಬರೆಯಿರಿ. ವಿಳಾಸ ಇದೇ. ಅಂಚೆಯವನಿಗೆ ನಾನು ಹೇಳಿಟ್ಟಿದ್ದೇನೆ, ವಾಪಸ್ ಕಳಿಸುವುದಿಲ್ಲ.

ಗುಬ್ಬಿ


3 ಜುಲೈ 1994

ತಂಗೀ,

ಬಿಲ್ಲೆಯನ್ನು ನಿನ್ನ ಗಂಡ ಅಲ್ಲಿ ಬಚ್ಚಿಟ್ಟದ್ದಲ್ಲ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಅದರ ಮೇಲೆ ಪಟ್ಟಿ ಹಿಡಿದು ಅವನು ನೆಟ್ಟಗೆ ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿಯೂ ಎಡ ಎಂದು ಬರೆದೆ.

ನೀನು ಅವನನ್ನು ಕ್ಷಮಿಸಬೇಕಾದ್ದೇ ಇರಲಿಲ್ಲ.

ನಿನ್ನ ಅಣ್ಣ